ಮಂಗಳವಾರದ ಬಟ್ಟೆ

ಎಂಟನೆಯ ತುಂಡನ್ನು ಹಿಂಡುತ್ತಿದ್ದೆ. ಹೊಲಿಗೆಯವಳು ಬಕೆಟ್ಟಿನಿಂದ ಒಂಬತ್ತನೆಯದನ್ನು ಎತ್ತಿ, ಸೋಪಿನ ನೀರು ಇಳಿಯಲೆಂದು ಹಿಡಿದುಕೊಂಡೇ, ನನ್ನ ಮುಖ ನೋಡದೆ ಕೇಳಿದಳು.

"ಕಾಗದ ಹಾಕಿದ್ರಾ ದೊಡ್ಡಕ್ಕ?"

"ಹಾಕ್ತೀನಿ."

"ಹಾಕ್ತೀನಿ ಹಾಕ್ತೀನಿ ಅಂತ ಏಳು ತಿಂಗಳಾಯ್ತು. ಆ ಹೆಂಗಸು ಅಲ್ಲಿ ಬಾಗಿಲು ನೋಡ್ಕೊಂಡು ಕೂತಿರ್ತಾಳೆ."

"ನಾನು ಬರೆಯೋದು ನಿಧಾನ. ನಿನಗೆ ಗೊತ್ತಿಲ್ವಾ?"

"ದಿನಕ್ಕೊಂದು ಅಕ್ಷರ ಬರೆದಿದ್ರೂ ಇಷ್ಟು ಹೊತ್ತಿಗೆ ಇನ್ನೂರು ಅಕ್ಷರ ಆಗ್ತಿತ್ತು," ಎಂದು ಅವಳು ತುಂಡನ್ನು ನನ್ನ ಕೈಗೆ ಕೊಟ್ಟಳು. ನಾನು ತಲೆ ಬಗ್ಗಿಸಿ ಹಿಂಡಿದೆ. ಹಿಂಡುವ ಕೆಲಸದಲ್ಲಿ ಅದೊಂದು ಅನುಕೂಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ತಿಂಗಳ ಮೊದಲ ಭಾನುವಾರ ನಾವಿಬ್ಬರೂ ತಾರಸಿಗೆ ಹೋಗಿ ಮಹಡಿಯ ಬಟ್ಟೆ ತುಂಡುಗಳನ್ನೆಲ್ಲ ಒಗೆಯುತ್ತೇವೆ. ನಮ್ಮದು ಎರಡನೆಯ ಮಹಡಿ. ಒಂದು ಉದ್ದ ವರಾಂಡ, ಹದಿನಾಲ್ಕು ಕೋಣೆ, ಕೋಣೆಗೊಬ್ಬರು. ಯಾರಿಗೂ ಹಿಂದೆ ಮುಂದೆ ಇಲ್ಲ, ಇದ್ದರೂ ದೂರ. ಕೆಲವು ವರ್ಷಗಳ ಕೆಳಗೆ ಕೊನೆಯ ಕೋಣೆಯ ಮುದುಕಿ ತೀರಿಹೋಗಿ ನಾಲ್ಕು ದಿನವಾದರೂ ನಮಗ್ಯಾರಿಗೂ ಗೊತ್ತಾಗಲಿಲ್ಲ. ವಾಸನೆ ಬಂದಮೇಲೆ ಗೊತ್ತಾಯಿತು. ಅವಳನ್ನು ಸಾಗಿಸಿದ ದಿನ ಹೊಲಿಗೆಯವಳು ತನ್ನ ಚೂರುಬಟ್ಟೆಯ ಗಂಟು ಬಿಚ್ಚಿ, ಕೋಣೆಗೊಂದು ಬಣ್ಣದಂತೆ ಹದಿನಾಲ್ಕು ತುಂಡು ಕತ್ತರಿಸಿ, ಅಂಚು ಹೊಲಿದು, ಎಲ್ಲರಿಗೂ ಹಂಚಿ, ಒಂದನ್ನು ಆ ಕೋಣೆಗೆ ಬರುವವರಿಗೆಂದು ತೆಗೆದಿಟ್ಟಳು. ಪ್ರತಿ ಬಾಗಿಲ ಪಕ್ಕ ಒಂದು ಮೊಳೆ. ಬೆಳಿಗ್ಗೆ ಎದ್ದವರು ಎಂಟು ಗಂಟೆಯೊಳಗೆ ತಮ್ಮ ತುಂಡನ್ನು ಮೊಳೆಗೆ ಹಾಕಬೇಕು, ಸಂಜೆ ಒಳಗೆ ತೆಗೆದುಕೊಳ್ಳಬೇಕು. ಒಂಬತ್ತಕ್ಕೆ ಕಾಂಪೌಂಡರು ವರಾಂಡದ ಈ ತುದಿಯಿಂದ ಆ ತುದಿಗೆ ನಡೆದು ಬರುತ್ತಾರೆ. ಯಾವ ಮೊಳೆ ಬರಿದಾಗಿದೆಯೋ ಆ ಬಾಗಿಲು ತಟ್ಟುತ್ತಾರೆ. ಔಷಧದಂಗಡಿಯಲ್ಲಿ ನಲವತ್ತು ವರ್ಷ ಬಾಟಲಿ ಎಣಿಸಿದವರು, ಅವರ ಲೆಕ್ಕ ತಪ್ಪುವುದಿಲ್ಲ.

ಅಷ್ಟೇ ವ್ಯವಸ್ಥೆ. ಆದರೆ ಆ ತುಂಡುಗಳಿಂದಾಗಿಯೇ ನಾವು ಒಬ್ಬರಿಗೊಬ್ಬರು ಜನವಾದೆವು. ಅದಕ್ಕೆ ಮೊದಲು ಆರು ವರ್ಷ ನಾನು ಆ ವರಾಂಡದಲ್ಲಿದ್ದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಚಾದರ ಮಡಿಸುವ ಕೆಲಸ ಮುಗಿದಮೇಲೆ ವಾರಗಟ್ಟಲೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಒಮ್ಮೆ ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೇಳಲು ಬಾಯಿ ತೆರೆದರೆ ಮಾತು ಹೊರಡದೆ ಬೆರಳು ತೋರಿಸಿ ಬಂದಿದ್ದೆ. ತುಂಡು ಬಂದಮೇಲೆ "ನಿಮ್ಮದು ಹಳದೀನಾ?" "ಇವತ್ತು ಗಾಳಿಗೆ ಬಿದ್ದಿದೆ ನೋಡಿ" ಎಂದು ಮಾತು ಶುರುವಾಯಿತು. ಮಾತು ಚಹಾಕ್ಕೆ ತಿರುಗಿತು. ನಾಲ್ಕು ಗಂಟೆಗೆ ಎಲ್ಲರೂ ವರಾಂಡದ ತುದಿಯ ಬೆಂಚಿನ ಹತ್ತಿರ ಲೋಟ ಹಿಡಿದು ಸೇರುವುದು ರೂಢಿಯಾಯಿತು. ವಯಸ್ಸಿನಲ್ಲಿ ಹಿರಿಯಳೆಂದು ನಾನು ಎಲ್ಲರಿಗೂ ದೊಡ್ಡಕ್ಕನಾದೆ.

ಆ ಏಳು ತಿಂಗಳೂ ನಾನು ಹೆದರುತ್ತಿದ್ದದ್ದು ಅದನ್ನು ಕಳೆದುಕೊಳ್ಳುವುದಕ್ಕೆ. ಕಾಗದದಲ್ಲಿ ನಿಜ ಬರೆದರೆ ಮಹಡಿಗೂ ಹೇಳಬೇಕಾಗುತ್ತದೆ. ಹೇಳಿದರೆ ಆ ಬೆಂಚಿನಲ್ಲಿ ನನಗೆ ಜಾಗವಿರುವುದಿಲ್ಲ. ಸುಳ್ಳು ಬರೆಯೋಣವೆಂದರೆ ಕೈ ಏಳುತ್ತಿರಲಿಲ್ಲ.

ನಡೆದದ್ದು ಇದು.

ನನ್ನ ಪಕ್ಕದ ಕೋಣೆಯಲ್ಲಿ ಲಿಫ್ಟಣ್ಣ ಇದ್ದರು. ದೊಡ್ಡ ಕಟ್ಟಡವೊಂದರಲ್ಲಿ ಮೂವತ್ತನಾಲ್ಕು ವರ್ಷ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವರು. ಅಷ್ಟು ವರ್ಷ ಊರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿ, ಕೊನೆಗೆ ಲಿಫ್ಟೇ ಇಲ್ಲದ ಕಟ್ಟಡದಲ್ಲಿ ಬಂದು ಸೇರಿದ್ದರು. ಮೆಟ್ಟಿಲಲ್ಲಿ ಯಾರು ಎದುರಾದರೂ ಗಂಭೀರವಾಗಿ, "ಮೇಲಾ, ಕೆಳಗಾ?" ಎಂದು ಕೇಳುತ್ತಿದ್ದರು. ನಗು ಬರದವರಿಗೂ ನಗು ಬರುತ್ತಿತ್ತು.

ಅವರಿಗೆ ನಿದ್ದೆಯ ಮಾತ್ರೆ ಇತ್ತು, ಏಳುವುದು ತಡ. ಎರಡು ಸಲ ಮೊಳೆ ಬರಿದಾಗಿತ್ತು. ಎರಡನೆಯ ಸಲ ಕಾಂಪೌಂಡರು ಬಾಗಿಲು ಒಡೆಯುವ ಹಾಗೆ ತಟ್ಟಿದಾಗ ಲಿಫ್ಟಣ್ಣ ಗಾಬರಿಯಲ್ಲಿ ಚಡ್ಡಿಯಲ್ಲೇ ಬಂದು ತೆರೆದರು. ಕಾಂಪೌಂಡರು ವರಾಂಡಕ್ಕೆಲ್ಲ ಕೇಳುವಂತೆ "ಬದುಕಿದ್ದಾರೆ!" ಎಂದು ಕೂಗಿದರು. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಆ ಸಂಜೆ ಅವರು ನನ್ನ ಬಾಗಿಲಿಗೆ ಬಂದರು. ಮುಖ ಸಣ್ಣದಾಗಿತ್ತು.

"ಅಕ್ಕಾ, ನಿಮ್ಮ ಬಟ್ಟೆ ಹಾಕುವಾಗ ನನ್ನದನ್ನೂ ಹಾಕಿಬಿಡಿ. ಕಿಟಕಿ ಹತ್ತಿರ ಇಟ್ಟಿರ್ತೀನಿ."

"ಅದು ಸರಿಹೋಗುತ್ತಾ? ನೀವು ಎದ್ದಿದ್ದೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ನಡುವೆ ಗೋಡೆ ಅನ್ನೋ ಹೆಸರಿಗೆ ಒಂದು ಹಲಗೆ ಇದೆ. ಕೆಮ್ಮುತ್ತೀನಿ. ಕೆಮ್ಮು ಕೇಳಿಸಿದ್ರೆ ಹಾಕಿ."

ಹಾಗೇ ನಡೆಯಿತು. ಬೆಳಿಗ್ಗೆ ಏಳೂವರೆಗೆ ನಾನು ಗೋಡೆಯ ಹತ್ತಿರ ನಿಲ್ಲುತ್ತಿದ್ದೆ. ಅತ್ತಲಿಂದ ನಾಟಕದ ರಾಜನಂತೆ ಒಂದು ದೊಡ್ಡ ಕೆಮ್ಮು ಬರುತ್ತಿತ್ತು. ನನ್ನ ಹಳದಿ, ಅವರ ನೀಲಿ ಚೌಕಳಿ, ಎರಡನ್ನೂ ಹಾಕುತ್ತಿದ್ದೆ. ಅವರು ಮತ್ತೆ ಹೊದ್ದು ಮಲಗುತ್ತಿದ್ದರು. ಕೆಲವು ತಿಂಗಳು ಹೀಗೆ ಕಳೆಯಿತು. ಆಮೇಲೆ ಯಾವಾಗಲೋ ಒಂದು ದಿನ ಕೆಮ್ಮಿಗೆ ಕಾಯದೆ ಹಾಕಿದೆ. ಏನೂ ಆಗಲಿಲ್ಲ. ಮರುದಿನವೂ ಹಾಕಿದೆ. ಅವರೂ ಕೆಮ್ಮುವುದನ್ನು ಬಿಟ್ಟರು. ಎರಡು ತುಂಡು ಹಾಕುವುದು ಎರಡು ಚಪ್ಪಲಿ ಮೆಟ್ಟಿದಷ್ಟು ಸಲೀಸಾಯಿತು.

ಆ ಮಂಗಳವಾರ ನನಗೆ ಗಡಿಬಿಡಿಯಿರಲಿಲ್ಲ. ಇದ್ದಿದ್ದರೆ ಹೇಳಿಕೊಳ್ಳಲು ಒಂದು ನೆಪವಾದರೂ ಸಿಗುತ್ತಿತ್ತು. ಏಳೂವರೆಗೆ ಎರಡೂ ತುಂಡು ಹಾಕಿದೆ. ಅವರ ಬಾಗಿಲ ಮುಂದೆ ನಾಲ್ಕು ಸಲ ಓಡಾಡಿದೆ. ನಾಲ್ಕು ಗಂಟೆಯ ಚಹಾಕ್ಕೆ ಅವರು ಬರಲಿಲ್ಲ. "ಲಿಫ್ಟು ಕೆಟ್ಟಿರಬೇಕು," ಎಂದು ಯಾರೋ ಅಂದರು, ನಕ್ಕೆವು. ಸಂಜೆ ಎರಡೂ ತುಂಡು ತೆಗೆದೆ. ನೀಲಿಯದನ್ನು ಮಡಿಸಿ ಅವರ ಕಿಟಕಿಯಲ್ಲಿಟ್ಟೆ. ಬುಧವಾರ ಬೆಳಿಗ್ಗೆ ಮತ್ತೆ ಹಾಕಿದೆ.

ಬುಧವಾರ ಮಧ್ಯಾಹ್ನ ಹೊಲಿಗೆಯವಳು ಕಾಲರ್ ತಿರುಗಿಸಿ ಹೊಲಿದ ಅವರ ಅಂಗಿ ಕೊಡಲು ಹೋದಳು. ತಟ್ಟಿದರೆ ಉತ್ತರವಿಲ್ಲ. ಬಗ್ಗಿ ಬಾಗಿಲ ಸಂದಿಗೆ ಕಿವಿ ಕೊಟ್ಟಾಗ ನರಳುವುದು ಕೇಳಿಸಿತು. ಕಾಂಪೌಂಡರು ಹೆಗಲು ಕೊಟ್ಟು ಚಿಲಕ ಮುರಿದರು. ಲಿಫ್ಟಣ್ಣ ಮಂಚಕ್ಕೂ ಆಚೆ ಗೋಡೆಗೂ ನಡುವೆ ಸಿಕ್ಕಿಕೊಂಡಿದ್ದರು. ತುಟಿ ಒಡೆದು ಕಪ್ಪಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ಯಾವಾಗ ಬಿದ್ರಿ?"

ಲಿಫ್ಟಣ್ಣ ನನ್ನ ಕಡೆ ನೋಡಿದರು. "ಇವತ್ತು ಬೆಳಿಗ್ಗೆ," ಎಂದರು.

ಹೊರಗೆ ಬಂದ ನರ್ಸು ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತಲ್ಲಮ್ಮ. ನಾಲಿಗೆ ನೋಡಿದ್ರಾ? ಒಂದೂವರೆ ದಿನ ಆಗಿದೆ, ನೀರಿಲ್ಲದೆ," ಎಂದಳು. ಹೊಲಿಗೆಯವಳು ಅದನ್ನು ಕೇಳಿಸಿಕೊಂಡು, "ಇಲ್ಲ ಸಿಸ್ಟರ್, ಮಂಗಳವಾರ ಬಟ್ಟೆ ಹಾಕಿದ್ರು, ನಾನೇ ನೋಡಿದ್ದೀನಿ. ಮಂಗಳವಾರ ಚೆನ್ನಾಗಿದ್ರು," ಎಂದು ವಾದಿಸಿದಳು. ನಾನು ಬಾಯಿ ಬಿಡಲಿಲ್ಲ.

ಗುರುವಾರ ಅವರ ಪಕ್ಕ ನಾನೊಬ್ಬಳೇ ಕೂತಿದ್ದೆ. ಚಮಚದಲ್ಲಿ ನೀರು ಕೊಟ್ಟೆ. ನುಂಗಿ ಅಂದರು:

"ಕೆಮ್ಮೋಕೆ ನೋಡಿದೆ ಅಕ್ಕಾ. ಎದೆ ನೋವು ಬಿಡಲಿಲ್ಲ."

ಬೈಯುವ ದನಿಯಲ್ಲಿ ಅಲ್ಲ. ತಾನೇ ಒಪ್ಪಂದ ಮುರಿದವರಂತೆ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. ಭಾನುವಾರ ಹೋಗಿಬಿಟ್ಟರು.

ಅವರಿಗೊಬ್ಬಳು ತಂಗಿ, ಬೇರೆ ಊರಿನಲ್ಲಿ. ಮಂಡಿ ಬಾಗದೆ ಹಾಸಿಗೆ ಹಿಡಿದಿದ್ದಳು, ಬರಲಾಗಲಿಲ್ಲ. ಎರಡು ವಾರಕ್ಕೆ ಅವಳ ಕಾಗದ ಬಂತು, ಮಹಡಿಯವರಿಗೆಲ್ಲ ಎಂದು ಬರೆದಿತ್ತು. ಚಹಾದ ಹೊತ್ತಿನಲ್ಲಿ ನಾನೇ ಓದಿ ಹೇಳಿದೆ. ಅಣ್ಣನನ್ನು ನೋಡಿಕೊಂಡಿದ್ದಕ್ಕೆ ಉಪಕಾರ ಸ್ಮರಿಸಿದ್ದಳು. ಕೊನೆಯಲ್ಲಿ ನಾಲ್ಕೇ ಸಾಲು: "ಅಣ್ಣ ಬಿದ್ದ ಮೇಲೆ ಎಷ್ಟು ಹೊತ್ತು ಒಬ್ಬನೇ ಇದ್ದ? ನನಗೆ ಮರೆಮಾಚಬೇಡಿ. ಇಲ್ಲಿ ಎಲ್ಲರೂ ಸಮಾಧಾನ ಹೇಳುತ್ತಾರೆ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದೆ ನನಗೆ ಊಟ ಸೇರುತ್ತಿಲ್ಲ."

"ಪಾಪ," ಎಂದರು ಕಾಂಪೌಂಡರು. "ಒಂದೆರಡು ಗಂಟೆ ಅಂತ ಬರೆದುಹಾಕಿ ದೊಡ್ಡಕ್ಕ. ಪಕ್ಕದ ಕೋಣೆಯವರು ನೀವೇ."

ಹೀಗೆ ಆ ಕಾಗದ ನನ್ನ ಪಾಲಿಗೆ ಬಂತು. ಕೂದಲು ಹಣ್ಣಾದ ಮೇಲೆ ಸಂಜೆಯ ತರಗತಿಗೆ ಹೋಗಿ ಅಕ್ಷರ ಕಲಿತವಳು ನಾನು. ಕಲಿತ ಅಕ್ಷರದಲ್ಲಿ ಅಂಥ ಸುಳ್ಳನ್ನು ಬರೆಯಲಾರೆನಾದೆ. ನಿಜವನ್ನೂ ಬರೆಯಲಾರೆನಾದೆ. 'ಕ್ಷೇಮ' ಎಂಬಲ್ಲಿಗೆ ಪೆನ್ನು ನಿಂತುಬಿಡುತ್ತಿತ್ತು. ಹಾಳೆ ಮಡಿಸಿ ದಿಂಬಿನ ಕೆಳಗಿಡುತ್ತಿದ್ದೆ. ಏಳು ತಿಂಗಳು.

ತಾರಸಿಯಲ್ಲಿ ಬಟ್ಟೆ ಒಗೆದ ಆ ಭಾನುವಾರಕ್ಕೆ ಮೂರು ದಿನ ಮೊದಲು ಲಿಫ್ಟಣ್ಣನ ಕೋಣೆಗೆ ಹೊಸಬರು ಬಂದಿದ್ದರು. ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತಿಯಾದ ಹೆಂಗಸು. ದಪ್ಪ ಕೈ, ದೊಡ್ಡ ದನಿ. ಬಂದ ದಿನವೇ ಎಲ್ಲರಿಗೂ ಅಡುಗೆಯಮ್ಮನಾದರು. ಹೊಲಿಗೆಯವಳು ನೀಲಿ ಚೌಕಳಿಯ ತುಂಡನ್ನು ಅವರಿಗೆ ಕೊಡಲಿಲ್ಲ. ಹಸಿರು ಬಟ್ಟೆಯಲ್ಲಿ ಬೇರೆಯದು ಹೊಲಿದುಕೊಟ್ಟಳು.

ಸೋಮವಾರ ಬೆಳಿಗ್ಗೆ ನಾನು ನನ್ನ ಹಳದಿಯನ್ನು ಮೊಳೆಗೆ ಹಾಕುತ್ತಿದ್ದಾಗ ಅಡುಗೆಯಮ್ಮ ಕಿಟಕಿಯಿಂದಲೇ ಕರೆದರು.

"ದೊಡ್ಡಕ್ಕಾ, ಹೇಗೂ ಹಾಕ್ತಾ ಇದ್ದೀರಲ್ಲ, ನಾಳೆಯಿಂದ ನನ್ನದನ್ನೂ ಹಾಕಿಬಿಡಿ. ಮೂವತ್ತು ವರ್ಷ ಕತ್ತಲಲ್ಲೇ ಎದ್ದು ಇನ್ನೂರು ಮಕ್ಕಳಿಗೆ ಬೇಯಿಸಿದ್ದೀನಿ. ಈಗಲಾದ್ರೂ ಹೊದ್ದು ಮಲಗ್ತೀನಿ."

"ಇಲ್ಲ," ಎಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. "ಹಾಕಲ್ಲ. ಕೇಳಬೇಡಿ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅದೇ ಕಿಟಕಿ, ಅದೇ ಮಾತು.

ನಾಲ್ಕು ಗಂಟೆಗೆ ಬೆಂಚಿನ ಹತ್ತಿರ ಹೋಗುವಷ್ಟರಲ್ಲಿ ಅಡುಗೆಯಮ್ಮ ಎಲ್ಲರ ಮುಂದೆ ದೂರು ಹೇಳುತ್ತಿದ್ದರು.

"ನಾನೇನು ಅವರ ಆಸ್ತಿ ಕೇಳಿದ್ನಾ? ಒಂದು ಚಿಂದಿ ಮೊಳೆಗೆ ಸಿಕ್ಕಿಸಿ ಅಂದೆ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದ್ರು."

"ಅಷ್ಟಕ್ಕೆಲ್ಲ ಯಾಕಮ್ಮ ಬೇಜಾರು?" ಎಂದರು ಕಾಂಪೌಂಡರು, ಚಹಾ ಊದುತ್ತ. "ನಾನು ಹಾಕ್ತೀನಿ ಬಿಡಿ. ಹನ್ನೊಂದನೇ ಕೋಣೆಯವರದ್ದು ದಿನಾ ನಾನೇ ತಾನೆ ಹಾಕೋದು, ಅದರ ಜೊತೆ ಇದೂ ಒಂದು."

ಮಾತು ಬಾಯಿಂದ ಹೊರಟಮೇಲೆ ಅವರು ಲೋಟ ಕೆಳಗಿಟ್ಟರು. ಎಲ್ಲರೂ ಅವರನ್ನೇ ನೋಡಿದರು.

"ಏನಂದ್ರಿ?" ಎಂದಳು ಹೊಲಿಗೆಯವಳು. "ಬಟ್ಟೆ ಹಾಕೋರೂ ನೀವೇ, ಬಟ್ಟೆ ಇದೆಯಾ ಅಂತ ನೋಡೋರೂ ನೀವೇನಾ?"

"ಅಲ್ಲಮ್ಮ, ಅವರಿಗೆ ಸೊಂಟ..." ಎಂದು ಕಾಂಪೌಂಡರು ತಡವರಿಸಿದರು. "ಸುಮ್ಮನೆ ಒಂದು ಸಹಾಯ."

ಆಗ ನಾನು ಎದ್ದು ನಿಂತೆ. ಕೂತು ಹೇಳುವ ಧೈರ್ಯವಿರಲಿಲ್ಲ.

"ಲಿಫ್ಟಣ್ಣನದ್ದನ್ನು ನಾನು ಹಾಕ್ತಿದ್ದೆ," ಎಂದೆ. "ಮಂಗಳವಾರದ್ದು ಹಾಕಿದ್ದು ನಾನು. ಅವರಲ್ಲ. ಅವರು ಮಂಗಳವಾರ ಬೆಳಗಾಗುವ ಮೊದಲೇ ಬಿದ್ದಿದ್ರು. ಆಸ್ಪತ್ರೇಲಿ ನನ್ನ ಮುಖ ನೋಡಿ ಸುಳ್ಳು ಹೇಳಿದ್ರು. ನಾನು ಸುಮ್ಮನಿದ್ದುಬಿಟ್ಟೆ."

ಕೆಳಗಿನ ಬೀದಿಯಲ್ಲಿ ಯಾರೋ ಹಳೇ ಪೇಪರಿನವನನ್ನು ಕರೆಯುತ್ತಿದ್ದುದು ಕೇಳಿಸಿತು. ಆಮೇಲೆ ಮೂರನೆಯ ಕೋಣೆಯ ಮುದುಕರು ಅಳುಕುತ್ತ ಕೈ ಎತ್ತಿದರು. "ನಾನೂ ನಾಲ್ಕನೇ ಕೋಣೆಯದ್ದು ಹಾಕ್ತೀನಿ." ಮತ್ತೂ ಇಬ್ಬರು ಕೈ ಎತ್ತಿದರು. ಎಣಿಸಿದರೆ, ಲಿಫ್ಟಣ್ಣನದೂ ಸೇರಿ, ಹದಿನಾಲ್ಕರಲ್ಲಿ ಐದು ತುಂಡನ್ನು ಬೇರೆಯವರು ಹಾಕುತ್ತಿದ್ದರು. ಎಲ್ಲವೂ ಸಹಾಯವೆಂದೇ. ಯಾರೂ ಯಾರಿಗೂ ಹೇಳಿರಲಿಲ್ಲ, ಇನ್ನೊಬ್ಬರ ಮಾನ ಹೋದೀತೆಂದು.

ಅಷ್ಟು ಕೈಗಳನ್ನು ಕಂಡಾಗ ನನಗೊಂದು ಗಳಿಗೆ ಹಗುರವೆನಿಸಿತು. ಸುಳ್ಳು ಯಾಕೆ ಹೇಳಲಿ. ಆದರೆ ಅವರು ಹಾಕಿದ ತುಂಡುಗಳ ಹಿಂದೆ ಯಾರೂ ಬಿದ್ದಿರಲಿಲ್ಲ.

ಹೊಲಿಗೆಯವಳು ನನ್ನ ಹತ್ತಿರ ಬಂದಳು. "ವಾರವಾರವೂ ಕೇಳಿದೆನಲ್ಲ, ದೊಡ್ಡಕ್ಕ. ಕಾಗದ ಹಾಕಿದ್ರಾ, ಕಾಗದ ಹಾಕಿದ್ರಾ ಅಂತ. ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ನನ್ನ ಜೊತೆ ತಾರಸಿಗೆ ಬರ್ತಿದ್ಯಾ?"

ಅವಳು ತಿರುಗಿ ತನ್ನ ಕೋಣೆಗೆ ಹೋದಳು. ಹೊಲಿಗೆ ಯಂತ್ರದ ಸದ್ದು ಅವತ್ತು ಬರಲಿಲ್ಲ, ಮರುದಿನವೂ ಬರಲಿಲ್ಲ. ಮಂಗಳವಾರ ಚಹಾಕ್ಕೆ ನಾನು ಹೋಗಲಿಲ್ಲ. ಕರೆಯಲು ಯಾರೂ ಬರಲಿಲ್ಲ. ಕೋಣೆಯಲ್ಲಿ ಕೂತು ಲೋಟ ತೊಳೆದೆ, ಮತ್ತೆ ತೊಳೆದೆ. ಹಳೆಯ ಆರು ವರ್ಷ ಬಾಗಿಲ ಹೊರಗೆ ಬಂದು ನಿಂತ ಹಾಗಿತ್ತು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಹೊಲಿಗೆಯವಳು. ಕಣ್ಣು ಊದಿತ್ತು.

"ಮಾತಾಡಿ," ಎಂದಳು.

"ಏನು ಮಾತಾಡಲಿ?"

"ಏನಾದ್ರೂ. ದನಿ ಕೇಳಿದ್ರೆ ಸಾಕು." ಅಷ್ಟು ಹೇಳಿ ಪಕ್ಕದ ಬಾಗಿಲಿಗೆ ಹೋದಳು. "ಅಡುಗೆಯಮ್ಮಾ, ಬಾಯಿಬಿಡಿ!" ಒಳಗಿನಿಂದ, "ನಿನ್ನ ಮನೆ ಹಾಳಾಗ, ಈಗ ತಾನೇ ನಿದ್ದೆ ಹತ್ತಿತ್ತು!" ಎಂಬ ಬೈಗುಳ ಬಂತು. "ಸರಿ, ಮಲಗಿ," ಎಂದು ಅವಳು ಮುಂದಕ್ಕೆ ಹೋದಳು. ಹದಿಮೂರು ಬಾಗಿಲು ತಟ್ಟಿ, ಹದಿಮೂರು ದನಿ ಕೇಳಿ, ಹನ್ನೊಂದನೆಯ ಕೋಣೆಯವರಿಂದ ಸೊಂಟದ ಕಥೆಯನ್ನೂ ಪೂರ್ತಿ ಕೇಳಿ ಬಂದಳು. ಉಳಿದದ್ದು ಅವಳದೇ ಬಾಗಿಲು. ನಾನು ಮೆಲ್ಲಗೆ ಹಿಂದೆ ಹೋಗಿ, ಅವಳು ಒಳಗೆ ಸೇರಿದ ಮೇಲೆ ತಟ್ಟಿದೆ. ಒಳಗಿನಿಂದಲೇ, "ಇದ್ದೀನಿ," ಎಂದಳು. ತೆರೆಯಲಿಲ್ಲ.

ಅವತ್ತೇ ಕೂತು ಬರೆದೆ. 'ಕ್ಷೇಮ' ಎಂದು ಶುರುಮಾಡಲಿಲ್ಲ.

"ನಿಮ್ಮಣ್ಣ ಮಂಗಳವಾರ ಬೆಳಗಿನ ಜಾವ ಬಿದ್ದರು. ಬುಧವಾರ ಮಧ್ಯಾಹ್ನದವರೆಗೆ ಒಬ್ಬರೇ ಇದ್ದರು. ನೀರು ಕೊಡುವವರು ಇರಲಿಲ್ಲ. ಅವರು ಎದ್ದಿದ್ದಾರೆಂದು ನಮ್ಮೆಲ್ಲರಿಗೂ ತೋರಿಸಿದ ಬಟ್ಟೆಯನ್ನು ಹಾಕಿದವಳು ನಾನು, ಗೋಡೆಯಾಚೆ ಇದ್ದೂ ಕಿವಿಗೊಡದೆ. ಡಾಕ್ಟರ ಮುಂದೆ ನನ್ನನ್ನು ಉಳಿಸಲು ಅವರು ಬೇರೆ ಹೇಳಿದರು. ಏಳು ತಿಂಗಳು ನಾನೂ ಅದನ್ನೇ ಹಿಡಿದುಕೊಂಡು ಕೂತೆ. ಆಸ್ಪತ್ರೆಯಲ್ಲಿ ಒಬ್ಬರೇ ಇರಲಿಲ್ಲ. ನಾವು ಸರದಿಯಲ್ಲಿ ಕೂತಿದ್ದೆವು. ಭಾನುವಾರ ಅವರ ಕೈ ಹಿಡಿದುಕೊಂಡಿದ್ದವಳು ಹೊಲಿಗೆಯವಳು. ನೀವು ನನ್ನನ್ನು ಏನೆಂದರೂ ಸರಿ, ಬರೆದು ತಿಳಿಸಿ."

ಕೆಮ್ಮಿನ ಮಾತನ್ನು ಒಮ್ಮೆ ಬರೆದೆ, ಹೊಡೆದುಹಾಕಿದೆ, ಹಾಳೆ ಬದಲಿಸಿದೆ. ಅವಳು ಕೇಳಿದ್ದು ಎಷ್ಟು ಹೊತ್ತು ಎಂದು. ಕೆಮ್ಮಿನ ಮಾತು ಅವರು ನನಗೆ ಹೇಳಿದ್ದು. ಅದು ನನ್ನಲ್ಲೇ ಇರಲಿ.

ಮಹಡಿಯ ಪರವಾಗಿ ಹೋಗುವ ಕಾಗದ. ಹೊಲಿಗೆಯವಳಿಗೆ ತೋರಿಸದೆ ಹಾಕುವುದು ಸರಿಯಲ್ಲ ಎನಿಸಿತು. ಅವಳು ಯಂತ್ರದ ಮುಂದೆ ಕೂತೇ ಓದಿದಳು. ಎರಡು ಸಲ ಓದಿದಳು.

"ಇನ್ನೊಂದು ಬರೀರಿ," ಎಂದಳು. "ಮಂಗಳವಾರ ಮಧ್ಯಾಹ್ನ ಗಂಜಿ ತಗೊಂಡು ಅವರ ಬಾಗಿಲವರೆಗೆ ಹೋಗಿದ್ದೆ ನಾನು. ಬಟ್ಟೆ ಮೊಳೆಯಲ್ಲಿದೆ, ಎದ್ದು ಮತ್ತೆ ಮಲಗಿರಬೇಕು, ಯಾಕೆ ಎಬ್ಬಿಸಲಿ ಅಂತ ವಾಪಸ್ ತಂದೆ. ತಟ್ಟಲಿಲ್ಲ. ಅದನ್ನೂ ಬರೀರಿ."

"ನೀನು ಯಾಕೆ..."

"ಬರೀರಿ ದೊಡ್ಡಕ್ಕ. ಅವಳು ಮರೆಮಾಚಬೇಡಿ ಅಂದಿದ್ದಾಳೆ."

ಅವಳ ಮೇಜಿನ ಅಂಚಿನಲ್ಲೇ, ಸೀಮೆಸುಣ್ಣದ ಗುರುತಿದ್ದ ಬಟ್ಟೆಯನ್ನು ಸರಿಸಿ, ಆ ಮೂರು ಸಾಲನ್ನು ಸೇರಿಸಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಮುಗಿದಮೇಲೆ ಮುಖ ತಿರುಗಿಸಿ ಯಂತ್ರ ತುಳಿಯಲು ಶುರುಮಾಡಿದಳು. ಜೊತೆಗೆ ಬರುತ್ತೀಯಾ ಎಂದು ನಾನು ಕೇಳಲಿಲ್ಲ.

ಅಂಚೆ ಕಚೇರಿಯಲ್ಲಿ ಜನ ಕಡಿಮೆ ಇದ್ದರು. ಕಿಟಕಿಯ ಹಿಂದಿನ ಗುಮಾಸ್ತ ಲಕೋಟೆಯನ್ನು ತಕ್ಕಡಿಗಿಟ್ಟು, "ಅರ್ಜೆಂಟಾ, ಮಾಮೂಲಾ?" ಎಂದ.

"ಏಳು ತಿಂಗಳು ತಡ ಆಗಿದೆಯಪ್ಪ."

ಅವನು ನಕ್ಕ. "ಹಾಗಾದ್ರೆ ಇನ್ನೆರಡು ದಿನ ಹೆಚ್ಚಾದ್ರೆ ಏನಮ್ಮ? ಮಾಮೂಲಿಗೇ ಹಾಕಿ."

"ಬೇಡ. ಇವತ್ತು ಹೋಗೋ ಚೀಲಕ್ಕೇ ಹಾಕು."

ಅವನು ಭುಜ ಹಾರಿಸಿ, ಸ್ಟಾಂಪು ಅಂಟಿಸಿ, ಮುದ್ರೆ ಒತ್ತಿ, ಹಿಂದಿದ್ದ ಚೀಲಕ್ಕೆ ಎಸೆದ. ಚೀಲ ಇನ್ನೂ ಬಾಯಿ ತೆರೆದುಕೊಂಡೇ ಇತ್ತು. "ಆಯ್ತಮ್ಮ, ಹೋಗಿ," ಎಂದ. ನಾನು ಕಿಟಕಿಯಿಂದ ಸರಿದು ಗೋಡೆಗೆ ಒರಗಿ ನಿಂತೆ. ಒಬ್ಬ ಬಂದು ಚೀಲದ ಬಾಯಿ ಕಟ್ಟಿ, ಹೆಗಲಿಗೇರಿಸಿ, ಹೊರಗೆ ನಿಂತ ಗಾಡಿಗೆ ಹಾಕಿ, ಗಾಡಿ ಹೊರಡುವವರೆಗೂ ನಿಂತೇ ಇದ್ದೆ.